ಕಿರುಬನ ಗವಿಯ ನೀರು

ಎರಡು ಗುಡ್ಡಗಳ ಸಂದಿನ ಒಂದು ಕಾಡಿನಲ್ಲಿ ಕಡುಬೇಸಗೆಯಲ್ಲೂ ಬತ್ತದ ಒರತೆ ಒಂದೇ ಒಂದಿತ್ತು. ಅದು ಇದ್ದದ್ದು ಗವಿಯೊಳಗೆ. ಆ ಗವಿಯನ್ನು ಒಬ್ಬ ಕತ್ತೆಕಿರುಬ ಹಿಡಿದುಕೊಂಡಿದ್ದ. ನೀರು ಬೇಕೆಂದವರು ತಮ್ಮ ಮರಿಗಳಲ್ಲಿ ಒಂದನ್ನು ಅವನಿಗೆ ಬಿಟ್ಟುಕೊಡಬೇಕಾಗಿತ್ತು. ಹೀಗೆ ಏಳು ಬೇಸಗೆ ಕಳೆಯಿತು. ಕೊನೆಗೆ ಸುದ್ದಿ ಹುಲಿರಾಯನ ಕಿವಿಗೆ ಬಿತ್ತು. ಹುಲಿರಾಯ ಕಿರುಬನನ್ನು ಹೊಳೆಯಾಚೆಗೆ ಗಡೀಪಾರು ಮಾಡಿದ, ಗವಿಯನ್ನು ಜಪ್ತಿ ಮಾಡಿಸಿದ. ಅಮಲ್ದಾರ ಕರಡಿ ಬಂದು ಗವಿಯ ಬಾಯಿಗೆ ಬಂಡೆ ಉರುಳಿಸಿ, "ಇನ್ನು ಯಾರೂ ಒಳಗೆ ಕಾಲಿಡಕೂಡದು" ಎಂದು ಸಾರಿ ಹೋದ.

ಕಿರುಬನೇನೋ ಹೋದ. ನೀರೂ ಅವನ ಹಿಂದೆಯೇ ಹೋದಂತಾಯಿತು. ಪ್ರಾಣಿಗಳು ಈಗ ದೂರದ ಹೊಳೆಗೆ ನಡೆಯಬೇಕಾಯಿತು. ಹೊಳೆಯಲ್ಲಿ ಮೊಸಳೆಗಳಿದ್ದವು.

ಕಡವೆ ಕೆಂಚವ್ವ ಆ ಕಾಡಿನ ಹಿರಿಯಳು. ಮೂವರು ಹುಲಿರಾಯರ ಆಳ್ವಿಕೆ ಕಂಡವಳು. ಹಿಡಿದ ಕೆಲಸವನ್ನು ನಡುವೆ ಬಿಟ್ಟವಳಲ್ಲ ಎಂಬ ಹೆಮ್ಮೆ ಅವಳಿಗಿತ್ತು. ಅವಳು ನೆಟ್ಟಗೆ ಹುಲಿರಾಯನ ಮುಂದೆ ಹೋಗಿ ನಿಂತಳು.

"ಒಡೆಯಾ, ಕಸಿದುಕೊಂಡ ಗವಿಯನ್ನು ಮುಚ್ಚಿಟ್ಟರೆ ಯಾರಿಗೇನು ಬಂತು? ನಮ್ಮ ಮರಿಗಳನ್ನು ತಿಂದು ಅವನು ಕೊಬ್ಬಿದ ಮನೆ ಅದು. ಅದನ್ನು ಮರಿಗಳಿಗೇ ಬಿಟ್ಟುಕೊಡಿ. ಅಲ್ಲಿ ನೀರು ಕುಡಿಯಲಿ. ತಾಯಿಯಿಲ್ಲದವು ನೆರಳಲ್ಲಿ ಮಲಗಲಿ."

ಹುಲಿರಾಯ ಒಮ್ಮೆ ಆಕಳಿಸಿದ. "ಕಾಡಿನ ಕಾಯಿದೆ ನಿನಗೆ ಗೊತ್ತಿಲ್ಲವೇ ಕೆಂಚವ್ವ? ಯಾರ ವಾಸನೆಯೋ ಅವರ ಜಾಗ. ಆ ಬಂಡೆಯ ಸುತ್ತ ಇನ್ನೂ ಕಿರುಬನ ವಾಸನೆಯೇ ಇದೆ. ನೀವೆಲ್ಲ ಹೋಗಿ ಅದಕ್ಕೆ ಮೈ ಉಜ್ಜಿ ಬನ್ನಿ. ಮುತ್ತುಗ ಹೂ ಬಿಟ್ಟಾಗ ಕರಡಿ ಬಂದು ಮೂಸುತ್ತಾನೆ. ಎಲ್ಲರ ವಾಸನೆ ಇದ್ದರೆ ಗವಿ ಎಲ್ಲರದು."

ಕೆಂಚವ್ವ ಅಂದಿನಿಂದಲೇ ತೋಪಿನಿಂದ ತೋಪಿಗೆ ತಿರುಗಿದಳು. ಮರದ ಮೇಲಿದ್ದ ಮುಸುವ ಲಕ್ಕಣ್ಣನನ್ನು ಕರೆದಳು.

"ನೀನು ಹೇಳೋದು ನೂರಕ್ಕೆ ನೂರು ಸರಿ ಕೆಂಚವ್ವ. ಆದರೆ ನಾಳೆ ಕಿರುಬ ತಿರುಗಿ ಬಂದ ಅಂತಿಟ್ಟುಕೋ. ಬಂಡೆ ಮೂಸಿದರೆ ಸಾಕು, ಯಾರು ಯಾರು ಉಜ್ಜಿದ್ದು ಅಂತ ಗೊತ್ತಾಗಿಬಿಡುತ್ತೆ. ಆಮೇಲೆ ನನ್ನ ಬಾಲ ಒಂದು ಕಡೆ, ನಾನು ಒಂದು ಕಡೆ!"

ಮುಳ್ಳುಹಂದಿಯೂ ಜಾರಿಕೊಂಡಿತು. "ನಾನು ಉಜ್ಜಿದರೆ ಬಂಡೆ ಮೇಲೆ ಮುಳ್ಳು ಉಳಿಯುತ್ತೆ ತಾಯಿ, ವಾಸನೆ ಉಳಿಯಲ್ಲ."

ಜಿಂಕೆ ಚುಕ್ಕಿ ಮಾತ್ರ ಕಿವಿಯೆತ್ತಿ ಕೇಳಿದಳು. ಅವಳಿಗೆ ಆಗಷ್ಟೇ ಹುಟ್ಟಿದ ಮರಿಯಿತ್ತು. "ಈ ಬೇಸಗೆಗೆ ಗವಿ ಸಿಗುತ್ತಾ ಅಕ್ಕ? ಇವನ ಕಾಲು ಇನ್ನೂ ಎಳಸು. ಹೊಳೆ ತನಕ ನಡೆಯಲಾರ."

"ಸಿಗುತ್ತೆ. ನಿನ್ನ ಮರಿ ಹೊಳೆಯ ಮುಖ ನೋಡುವುದು ಬೇಡ. ಇದು ನನ್ನ ಮಾತು" ಎಂದಳು ಕೆಂಚವ್ವ.

ಮಾತು ಕೊಟ್ಟಳು ನಿಜ. ಆದರೆ ಅವಳೂ ಇನ್ನೂ ಬಂಡೆಯ ಹತ್ತಿರ ಹೋಗಿರಲಿಲ್ಲ. ಕಿರುಬನ ವಾಸನೆ ಮೂಗಿಗೆ ಬಡಿದರೆ ಅವಳೂ ಹಿಂದೆ ಸರಿಯುತ್ತಿದ್ದಳು. ಎಲ್ಲರೂ ಹೊರಟಾಗ ಒಟ್ಟಿಗೆ ಹೋದರಾಯಿತು ಎಂದುಕೊಂಡಿದ್ದಳು. ಎಲ್ಲರೂ ಹೊರಡಲಿಲ್ಲ.

ಆಗ ಬಂದವನು ನರಿ ಸೋಗಪ್ಪ. ಹಿಂದೆ ಅವನು ಕಿರುಬನ ಎಂಜಲು ತಿಂದು ಬದುಕಿದವನು. ಈಗ ಬಾಲ ತಗ್ಗಿಸಿ ನಡೆಯುತ್ತಿದ್ದ.

"ದೊಡ್ಡಮ್ಮ, ನಾನು ಮಾಡಿದ ಪಾಪ ತೊಳೆದುಕೊಳ್ಳಬೇಕು" ಎಂದ. "ಇವರೆಲ್ಲ ಹೆದರುವುದು ಬಂಡೆಯ ಹತ್ತಿರ ಹೋಗೋದಕ್ಕೆ ತಾನೇ? ಹೋಗೋದೇ ಬೇಡ. ಒಂದು ಹೊರೆ ಒಣಹುಲ್ಲು ಕಟ್ಟಿಕೊಂಡು ಬರುತ್ತೇನೆ. ಎಲ್ಲರೂ ಅದಕ್ಕೆ ಮೈ ಉಜ್ಜಲಿ. ನಾನೇ ಹೊತ್ತುಕೊಂಡು ಹೋಗಿ ಬಂಡೆಗೆ ತಿಕ್ಕುತ್ತೇನೆ. ಕಿರುಬ ಬಂದರೆ ಮೊದಲು ಹಿಡಿಯೋದು ನನ್ನನ್ನು. ಹಿಡಿಯಲಿ ಬಿಡಿ."

"ಭಲೇ ಸೋಗಪ್ಪ!" ಎಂದು ಲಕ್ಕಣ್ಣ ಮರದಿಂದಲೇ ಕೂಗಿದ.

ನರಿಯನ್ನು ನಂಬಬಾರದೆಂದು ಕೆಂಚವ್ವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ ಎದೆಯ ಭಾರ ಇಳಿದ ಹಾಗಾಯಿತು. ಬಂಡೆಯ ಹತ್ತಿರ ಹೋಗುವ ಕೆಲಸ ತಪ್ಪಿತಲ್ಲ! "ಸರಿ, ಹೊರೆ ತಾ" ಎಂದಳು.

ಹೊರೆ ಬಂತು. ಲಕ್ಕಣ್ಣ ಬೆನ್ನು ಉಜ್ಜಿದ. ಮುಳ್ಳುಹಂದಿ ಹೊಟ್ಟೆ ಉಜ್ಜಿತು. ಕೆಂಚವ್ವ ಕತ್ತು ಉಜ್ಜಿದಳು. ಚುಕ್ಕಿ ತಾನು ಉಜ್ಜಿ, ಮರಿಯನ್ನೂ ಮೂತಿಯಿಂದ ತಳ್ಳಿ ಉಜ್ಜಿಸಿದಳು. ಮರಿ ಅದರ ಮೇಲೆ ಉರುಳಾಡಿತು. ಎಲ್ಲರೂ ನಕ್ಕರು. ಸೋಗಪ್ಪ ಹೊರೆ ಹೊತ್ತು ಗುಡ್ಡ ಹತ್ತಿದ.

ಮುತ್ತುಗ ಹೂ ಬಿಟ್ಟಿತು. ಅಮಲ್ದಾರ ಕರಡಿ ಬಂದ. ಪ್ರಾಣಿಗಳು ಕೊರಕಲಿನ ಈಚೆಗೇ ನಿಂತು ನೋಡಿದವು. ಕರಡಿ ಬಂಡೆಯನ್ನು ಮೇಲಿಂದ ಕೆಳಗೆ ಮೂಸಿದ. ಮತ್ತೊಮ್ಮೆ ಮೂಸಿದ.

"ಕಿರುಬನದು ಅಳಿಸಿಹೋಗಿದೆ. ಇಲ್ಲಿ ಇರುವುದು ಒಂದೇ ವಾಸನೆ. ನರಿಯದು. ಗವಿ ನರಿಯದು."

"ಅದು ಹೇಗೆ?" ಎಂದು ಕೆಂಚವ್ವ ಕೂಗಿದಳು. "ನಾವೆಲ್ಲ ಹೊರೆಗೆ ಉಜ್ಜಿ ಕಳಿಸಿದ್ದೆವು!"

ಸೋಗಪ್ಪ ಕಣ್ಣಲ್ಲಿ ನೀರು ತಂದುಕೊಂಡ. "ತಿಕ್ಕಿದೆ ದೊಡ್ಡಮ್ಮ, ಚೆನ್ನಾಗಿಯೇ ತಿಕ್ಕಿದೆ. ಗುಡ್ಡದ ಮೇಲೆ ಅಕಾಲದ ಮಳೆ ಬಂದು ತೊಳೆದುಕೊಂಡು ಹೋಯಿತು. ನಾನು ದಿನಾ ಒರಗಿ ಕಾವಲು ಕೂತವನು, ನನ್ನದು ಉಳಿಯಿತು. ಯಾರ ಹೆಸರಲ್ಲಿದ್ದರೇನು? ನಾನೇನು ಪರಕೀಯನೇ?"

ಕರಡಿ ಮೂಗು ಒರೆಸಿಕೊಂಡ. "ಮೂಗಿಗೆ ಬಂದದ್ದನ್ನು ನಾನು ಹೇಳುತ್ತೇನೆ. ಬಾರದ್ದನ್ನು ಹೇಳಲಾರೆ" ಎಂದು ಬಂಡೆ ಸರಿಸಿಕೊಟ್ಟು ಹೋದ.

ಮಾರನೆಯ ದಿನವೇ ಸೋಗಪ್ಪ ಬಾಗಿಲಲ್ಲಿ ಕೂತು ಕಟ್ಟಳೆ ಹೇಳಿದ. "ನೀರು ಎಲ್ಲರಿಗೂ ಉಂಟು. ದೊಡ್ಡವರು ಒಳಗೆ ಹೋಗಿ ಕುಡಿಯಬಹುದು. ಒಳಗೆ ಇಕ್ಕಟ್ಟು ನೋಡಿ, ಮರಿಗಳನ್ನು ಹೊರಗೆ ನನ್ನ ಹತ್ತಿರ ಬಿಟ್ಟು ಹೋಗಿ." ಹೇಳಿ ತುಟಿ ನೆಕ್ಕಿಕೊಂಡ. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಾಯಂದಿರು ಮರಿಗಳನ್ನು ಮುಂದೆ ಮಾಡಿಕೊಂಡು ಹೊಳೆಯ ಕಡೆಗೇ ತಿರುಗಿದರು.

ಗವಿಯ ಕಡೆಗೆ ಆಮೇಲೆ ಒಬ್ಬರೂ ಸುಳಿಯಲಿಲ್ಲ. ಕೆಂಚವ್ವನೂ ಸುಳಿಯಲಿಲ್ಲ.

ಬಿಸಿಲು ಏರಿತು. ಹೊಳೆ ಇಳಿಯಿತು. ನೀರು ಕಮ್ಮಿಯಾದಷ್ಟೂ ಮೊಸಳೆಗಳು ದಡಕ್ಕೆ ಹತ್ತಿರವಾದವು. ಒಂದು ಬೆಳಿಗ್ಗೆ ಚುಕ್ಕಿ ಒಬ್ಬಳೇ ಹಿಂದಿರುಗಿದಳು. ಅಳಲಿಲ್ಲ. ಕೆಂಚವ್ವನ ಮುಂದಿನಿಂದ ಹಾದುಹೋದಳು, ತಲೆಯೆತ್ತಿ ನೋಡಲಿಲ್ಲ.

ಆ ಮಧ್ಯಾಹ್ನ ಕೆಂಚವ್ವ ಒಬ್ಬಳೇ ಗುಡ್ಡ ಹತ್ತಿದಳು. ಉಳಿದ ಮರಿಗಳಿಗಾದರೂ ದಾರಿ ಬಿಡು ಎಂದು ಸೋಗಪ್ಪನ ಕಾಲು ಹಿಡಿಯಲು ಹೊರಟಿದ್ದಳು. ಹೆದರುತ್ತಲೇ ಹತ್ತಿದಳು. ಸೋಗಪ್ಪ ಒಳಗೆ ಗೊರಕೆ ಹೊಡೆಯುತ್ತಿದ್ದ. ಗವಿಯ ಬಾಯಿಂದ ತಣ್ಣನೆಯ ಗಾಳಿ ಬಂದು ಅವಳ ಮುಖಕ್ಕೆ ತಾಗಿತು.

ಅದರಲ್ಲಿ ಎಳೆಹಾಲಿನ ವಾಸನೆಯಿತ್ತು. ಚುಕ್ಕಿಯ ಮರಿಯ ವಾಸನೆ.

ಕೆಂಚವ್ವ ಬೆಚ್ಚಿಬಿದ್ದಳು. ಮರಿ ಸತ್ತದ್ದು ಹೊಳೆಯಲ್ಲಿ, ಇಲ್ಲಿಗೆ ಹೇಗೆ ಬಂತು? ಮತ್ತೆ ಮೂಸಿದಳು. ಚುಕ್ಕಿಯ ವಾಸನೆ ಬಂತು, ಲಕ್ಕಣ್ಣನದು ಬಂತು, ಮುಳ್ಳುಹಂದಿಯದು ಬಂತು. ತನ್ನದೇ ಕತ್ತಿನ ವಾಸನೆಯೂ ಬಂತು. ಆಗ ಅವಳಿಗೆ ತಿಳಿಯಿತು. ಸೋಗಪ್ಪ ಹೊರೆಯನ್ನು ಬಂಡೆಗೆ ತಿಕ್ಕಿರಲೇ ಇಲ್ಲ. ಮೆತ್ತಗಿದೆಯೆಂದು ಅದನ್ನೇ ಹಾಸಿಕೊಂಡು ಮಲಗಿದ್ದ.

ಅವಳು ಓಡಿಹೋಗಿ ಕರಡಿಯನ್ನು ಕರೆತಂದಳು. ಕರಡಿ ಒಳಗೆ ನುಗ್ಗಿ ಮೂಸಿದ. ಹಾಸಿಗೆ ಮೂಸಿದ, ಗೋಡೆ ಮೂಸಿದ, ಎದ್ದು ಕಣ್ಣುಜ್ಜುತ್ತಿದ್ದ ಸೋಗಪ್ಪನ ಬೆನ್ನನ್ನೂ ಮೂಸಿದ.

"ಬರೀ ಹಾಸಿಗೆ ಅಮಲ್ದಾರರೇ, ಬಡವನ ಹಾಸಿಗೆ!" ಎಂದು ಸೋಗಪ್ಪ ತೊದಲಿದ.

"ಹಾಸಿಗೆ ನಿನ್ನದಿರಬಹುದು. ವಾಸನೆ ಕಾಡಿನವರದು. ನಿನ್ನ ಮೈಗೂ ಅದೇ ಮೆತ್ತಿದೆ, ನಿನ್ನದು ಎಲ್ಲಿದೆಯೋ ಹುಡುಕಬೇಕು. ಇವರ ವಾಸನೆ ಇಡೀ ಬೇಸಗೆ ಗವಿಯೊಳಗೇ ಇತ್ತು. ಕಾಯಿದೆ ಪ್ರಕಾರ ಗವಿ ಅಂದಿನಿಂದಲೂ ಇವರದೇ."

ಹುಲಿರಾಯ ಸೋಗಪ್ಪನನ್ನೂ ಹೊಳೆಯಾಚೆಗೆ ಅಟ್ಟಿದ. ಅಲ್ಲಿ ಕಿರುಬನಿದ್ದ. ತನ್ನ ಗವಿಯಲ್ಲಿ ನರಿ ಮಲಗಿದ ಸುದ್ದಿ ಅವನಿಗೆ ಮೊದಲೇ ಮುಟ್ಟಿತ್ತು. ಸೋಗಪ್ಪನನ್ನು ಆಮೇಲೆ ಕಂಡವರಿಲ್ಲ.

ಕಾಡಿನಲ್ಲಿ ಕುಣಿತವೋ ಕುಣಿತ. ಈ ಸಲ ಯಾರನ್ನೂ ಕರೆಯಬೇಕಾಗಲಿಲ್ಲ, ಎಲ್ಲರೂ ತಾವೇ ಬಂದು ಬಂಡೆಗೆ ಮೈ ಉಜ್ಜಿದರು. ಲಕ್ಕಣ್ಣ ಮೂರು ಸಲ ಉಜ್ಜಿದ. "ಕೆಂಚವ್ವನಿಗೆ ಜಯವಾಗಲಿ!" ಎಂದು ಕೂಗಿದ. ಕೆಂಚವ್ವ ಹಿಗ್ಗಲಿಲ್ಲ. ಅಂದಿನಿಂದಲೂ ಇವರದೇ ಎಂದ ಕರಡಿಯ ಮಾತು ಅವಳನ್ನು ಕೊರೆಯುತ್ತಿತ್ತು. ಯಾರಾದರೂ ಒಬ್ಬರು ಒಂದು ದಿನ ಗುಡ್ಡ ಹತ್ತಿ ಬಂದು ಮೂಸಿದ್ದರೆ ಸಾಕಾಗಿತ್ತು.

ಚುಕ್ಕಿ ಗವಿಯ ಬಾಯಿಯಲ್ಲಿ ನಿಂತಿದ್ದಳು. ಕೆಂಚವ್ವ ಅವಳ ಹತ್ತಿರ ಹೋದಳು.

"ಚುಕ್ಕಿ, ನಾನು ಮಾತು ಕೊಟ್ಟಿದ್ದೆ. ಹೊರೆ ತಾ ಅಂದವಳೂ ನಾನೇ."

"ಅಂದು ನಾನೂ ನಕ್ಕಿದ್ದೆ ಅಕ್ಕ" ಎಂದಳು ಚುಕ್ಕಿ. "ಬಂಡೆ ತನಕ ನಡೆಯೋದು ತಪ್ಪಿತು ಅಂತ ನನಗೂ ಖುಷಿಯಾಗಿತ್ತು."

ಹಿಂದಿನಿಂದ ಬೇರೆಯವರ ಮರಿಗಳು ನೀರಿಗೆಂದು ನುಗ್ಗಿ ಬಂದವು. ಚುಕ್ಕಿ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. "ಸ್ವಲ್ಪ ಸರಿ ಅಕ್ಕ, ಮಕ್ಕಳು ಹೋಗಲಿ" ಎಂದಳು. ಕೆಂಚವ್ವ ಸರಿದು ನಿಂತಳು.

ನೀತಿ: ದುಷ್ಟನಿಂದ ಕಸಿದುಕೊಂಡದ್ದು ತಾನಾಗಿಯೇ ಎಲ್ಲರ ಸೊತ್ತಾಗುವುದಿಲ್ಲ. ಹೆದರಿ ದೂರ ನಿಂತು ಅದನ್ನು ಇನ್ನೊಬ್ಬನ ಕೈಗೆ ಒಪ್ಪಿಸಿದರೆ ಮತ್ತೊಬ್ಬ ದುಷ್ಟನ ಪಾಲಾಗುತ್ತದೆ. ತಡವಾಗಿ ಸಿಕ್ಕ ನ್ಯಾಯ ಕಳೆದುಹೋದವರನ್ನು ಮರಳಿ ತರುವುದಿಲ್ಲ.