ಹುಟ್ಟಿದಾಗ ಊರು ನಕ್ಕಿತು

ಗುಡ್ಡದಕೋಟೆಯ ಬೀದಿಬೀದಿಯಲ್ಲಿ ತಮಟೆ ಬಾರಿಸುತ್ತ ಅರಮನೆಯವನು ಸಾರಿದ: "ದೊರೆ ವೀರಭೂಪರ ಅಪ್ಪಣೆ, ಕಿವಿಗೊಟ್ಟು ಕೇಳಿ. ಯುವರಾಣಿ ಮುತ್ತಾಜಮ್ಮಣ್ಣಿಯವರು ಮೂರು ಒಗಟು ಹೇಳುತ್ತಾರೆ. ಮೂರನ್ನೂ ಬಿಡಿಸಿದವನು ಅವರ ಕೈಹಿಡಿಯಬಹುದು, ಮುಂದೆ ಈ ನಾಡನ್ನು ಆಳಬಹುದು. ಒಂದು ತಪ್ಪಿದರೂ ಸೆರೆಮನೆ. ಸುಗ್ಗಿ ಮುಗಿದ ಮಾರನೆಯ ದಿನ ತಲೆದಂಡ."

ಒಗಟು ಮಗಳದು, ತಲೆದಂಡ ಅಪ್ಪನದು. ಆರಂಬಗಾರರ ನಾಡನ್ನು ಆಳುವವನಿಗೆ ಮಣ್ಣಿನ ಮರ್ಮ ಗೊತ್ತಿರಲೇಬೇಕೆಂದು ಮಗಳು ಹಟ ಹಿಡಿದಿದ್ದಳು. ಕೆಲಸವಿಲ್ಲದ ರಾಜಕುಮಾರರೆಲ್ಲ ಬಂದು ಅರಮನೆಯಲ್ಲಿ ಉಂಡು ಮಲಗಿಯಾರೆಂದು ದೊರೆ ತಲೆದಂಡ ಸೇರಿಸಿದ್ದ. ಆದರೂ ಬರುವವರು ಬರುತ್ತಲೇ ಇದ್ದರು. ತನ್ನ ಬುದ್ಧಿ ಸಾಲದು ಎಂದುಕೊಳ್ಳುವ ಗಂಡಸು ಯಾವ ನಾಡಿನಲ್ಲಿದ್ದಾನೆ? ಸೆರೆಮನೆ ತುಂಬುತ್ತ ಬಂತು.

ಹಾಗೆ ಹೋಗಿ ಸಿಕ್ಕಿಬಿದ್ದವರಲ್ಲಿ ಹುರುಳಿಪುರದ ದೊಡ್ಡೀರನೂ ಒಬ್ಬ. ಸುದ್ದಿ ಬಂದಾಗ ಅವನ ತಮ್ಮ ಸಣ್ಣೀರ ರಾಗಿ ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದ. ಅಪ್ಪ ಅವ್ವ ತೀರಿಕೊಂಡ ಮೇಲೆ ತನ್ನ ತಟ್ಟೆಯ ಮುದ್ದೆಯನ್ನೇ ಮುರಿದು ಕೊಟ್ಟು ಸಾಕಿದ ಅಣ್ಣ. ಸಣ್ಣೀರ ಹೊಲದಿಂದಲೇ ಮನೆಗೆ ಓಡಿದ.

ಊರಲ್ಲಿ ಸಣ್ಣೀರನಿಗೆ ಅಷ್ಟೇನೂ ಮರ್ಯಾದೆ ಇರಲಿಲ್ಲ. ಸೊಂಟ ಬಗ್ಗಿಸಿ ಕಳೆ ಕೀಳುವುದು ಸಾಕಾಗಿ, ಮುರಿದ ಕೈಬಂಡಿಯ ಚಕ್ರವನ್ನು ಕುಂಟೆಗೆ ಕಟ್ಟಿಕೊಂಡು ಸಾಲಿನ ನಡುವೆ ದೂಡಿಕೊಂಡು ಹೋಗುತ್ತಿದ್ದ. ಕೂಸಿಲ್ಲದ ತೊಟ್ಟಿಲು ತೂಗುತ್ತಾನೆ ಎಂದು ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ದೊಡ್ಡೀರನೇ.

ಯುವರಾಣಿಯ ಆಸೆ ಸಣ್ಣೀರನಿಗೆ ಕನಸಿನಲ್ಲೂ ಇರಲಿಲ್ಲ. ಗೆದ್ದವನು ಕೇಳಿದ್ದನ್ನು ದೊರೆ ಇಲ್ಲವೆನ್ನಲಾರ, ಅಣ್ಣನ ತಲೆ ಕೇಳಿಕೊಂಡು ಬಂದರಾಯಿತು ಎಂದು ರೊಟ್ಟಿ ಕಟ್ಟಿಕೊಂಡು ಹೊರಟ. ಸೋತರೆ ಅಣ್ಣನ ಪಕ್ಕದಲ್ಲಾದರೂ ಇರುತ್ತೇನೆ ಎಂದುಕೊಂಡ.

ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು. ಯುವರಾಣಿ ಒಗಟು ಹೇಳಿದಳು.

"ಒಬ್ಬಳು ತಾಯಿ. ಎಳೆಯವಳಾಗಿದ್ದಾಗ ನೆಲಕ್ಕೆ ಕೆಡವಿ ಅವಳ ಮೇಲೆ ಮರ ಎಳೆಯುತ್ತಾರೆ. ಕೆಡವದಿದ್ದರೆ ಒಂಟಿ, ಕೆಡವಿದರೆ ಮನೆ ತುಂಬ ಮಕ್ಕಳು. ಯಾರವಳು? ಹೊಲಕ್ಕೆ ಕೊಡಬೇಕಾದದ್ದು ಒಂದುಂಟು. ಅದಕ್ಕೆ ತೂಕವಿಲ್ಲ, ಬಣ್ಣವಿಲ್ಲ, ಹೊತ್ತು ತರುವಂತಿಲ್ಲ. ಆಸೆಬುರುಕ ಅದನ್ನು ಕೊಡುವುದಿಲ್ಲ, ಅವನ ಕಣಜ ತುಂಬುವುದಿಲ್ಲ. ಏನದು? ಇನ್ನೊಂದು, ಹುಟ್ಟಿದಾಗ ಊರು ನಕ್ಕಿತು. ಬೆಳೆದಾಗ ಊರಿಗೆ ಉಣ್ಣಲಿಕ್ಕಿತು. ಮುದಿಯಾದಾಗ ಊರು ಕೈಮುಗಿಯಿತು. ಅದರ ತಮ್ಮ ಹುಟ್ಟಿದರೆ ಊರು ಮತ್ತೆ ನಗುತ್ತದೆ. ಅದು ಯಾವುದು?"

ಕಡಲತೀರದ ರಾಜಕುಮಾರ ಭೂಮಿತಾಯಿ ಎಂದ, ಗಾಳಿ ಎಂದ. ಮೂರನೆಯದಕ್ಕೆ ರಾಜ ಎಂದು ಹೇಳಿ ದೊರೆಯ ಕಡೆ ನೋಡಿ ಮುಗುಳ್ನಕ್ಕ. ಹುಟ್ಟಿದಾಗ ಊರು ನಕ್ಕಿತು ಎಂಬ ಮಾತು ಆಮೇಲೆ ನೆನಪಾಗಿ ಅವನ ಮುಖ ಬಾಡಿತು. ವರ್ತಕನ ಮಗ ಕಬ್ಬು, ಬಿಸಿಲು, ಆಲದಮರ ಎಂದ. ಯುವರಾಣಿ ಇಬ್ಬರಿಗೂ ಅಲ್ಲವೆಂದು ತಲೆಯಾಡಿಸಿದಳು. ಎಲ್ಲಿ ತಪ್ಪಿತೆಂದು ಅವಳು ಯಾರಿಗೂ ಹೇಳುತ್ತಿರಲಿಲ್ಲ. ಕಾವಲಿನವರು ಇಬ್ಬರನ್ನೂ ಎಳೆದುಕೊಂಡು ಹೋದರು.

ಸಣ್ಣೀರ ಮುಂದೆ ಬಂದ. ಮೊದಲೆರಡಕ್ಕೆ ಅವನು ತಡವರಿಸಲಿಲ್ಲ.

"ಮೊದಲನೇದು ರಾಗಿ ಪೈರು, ತಾಯಿ. ಎರಡನೇದು ಗಿಡಕ್ಕೂ ಗಿಡಕ್ಕೂ ನಡುವೆ ಬಿಡೋ ಜಾಗ."

ಮೂರನೆಯದು ಹೊಳೆಯಲಿಲ್ಲ. ಅಣ್ಣನ ಮುಖ ಕಣ್ಣಮುಂದೆ ಬಂದು ಇದ್ದ ಬುದ್ಧಿಯೂ ಮಂಕಾಯಿತು. ಮಣ್ಣು ಮೆತ್ತಿದ ಕಾಲಲ್ಲಿ ಸುಮ್ಮನೆ ನಿಂತವನನ್ನು ಕಂಡು ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಪಕ್ಕದವರೂ ನಕ್ಕರು. ನೋಡನೋಡುತ್ತ ಇಡೀ ಸಭೆ ನಗತೊಡಗಿತು.

ಆ ನಗು ಸಣ್ಣೀರನಿಗೆ ಹೊಸದಾಗಿರಲಿಲ್ಲ. ಹೊಲದ ಬದುವಿನ ಮೇಲೆ ನಿಂತು ಊರು ನಗುತ್ತಿದ್ದದ್ದೂ ಹೀಗೆಯೇ. ಅವನ ಎದೆ ಹಗುರಾಯಿತು.

"ಗೊತ್ತಾಯ್ತು ತಾಯಿ," ಎಂದ. "ಅದು ಬೇಸಾಯದ ಪದ್ಧತಿ."

ನಗು ನಿಂತಿತು. ಬಿಡಿಸಿ ಹೇಳು ಎಂದಳು ಯುವರಾಣಿ.

"ಎಳೇ ರಾಗಿ ಮೇಲೆ ಎತ್ತು ಕಟ್ಟಿ ಕೊರಡು ಎಳೀತೀವಿ. ಪೈರು ಬಾಗಿ ಬೀಳ್ತದೆ, ಆಮೇಲೆ ಬುಡದಲ್ಲಿ ಹತ್ತಾರು ತೆಂಡೆ, ಅಂದ್ರೆ ಮರಿಪೈರು, ಒಡೀತದೆ. ಅವೇ ಮಕ್ಕಳು. ಒತ್ತಾಗಿ ನೆಟ್ಟರೆ ಆ ಮಕ್ಕಳಿಗೆ ಕಾಲು ಚಾಚೋಕೆ ಜಾಗ ಇರಲ್ಲ, ಅದಕ್ಕೇ ನಡುವೆ ಬಿಡ್ತೀವಿ. ಪೈರಿನ ಮೇಲೆ ಮೊದಲು ಕೊರಡು ಎಳೆದೋನನ್ನ ಊರು ಹುಚ್ಚ ಅಂದಿರ್ತದೆ. ಈಗ ತಾತನ ಕಾಲದ್ದು ಅಂತ ಕೊರಡಿಗೆ ಅರಿಸಿನ ಕುಂಕುಮ ಹಚ್ತೀವಿ. ನಾನು ಕುಂಟೆಗೆ ಚಕ್ರ ಕಟ್ಟಿದೆ, ಊರು ನಕ್ತು. ನಾಳೆ ಅದೂ ಹಳೇದಾಗ್ತದೆ. ಆಗ ಇನ್ನೊಬ್ಬ ಏನಾದ್ರೂ ಹೊಸದು ತಂದ್ರೆ ನಾನೇ ನಗ್ತೀನೋ ಏನೋ."

ಯುವರಾಣಿ ಎದ್ದು ನಿಂತಳು. ಮೂರೂ ಸರಿ ಎಂದು ಅವಳು ಹೇಳಿದಾಗ ಸಭೆಗೆ ಸಭೆಯೇ ಎದ್ದಿತು. ಈಗತಾನೆ ನಕ್ಕವರೇ ಎಲ್ಲರಿಗಿಂತ ಜೋರಾಗಿ ಜಯಕಾರ ಹಾಕಿದರು. ಏನು ಬೇಕು ಕೇಳು ಎಂದ ದೊರೆ.

ಸೆರೆಯಲ್ಲಿರುವ ಅಣ್ಣನೂ ಉಳಿದವರೂ ಬೇಕೆಂದ ಸಣ್ಣೀರ. ದೊರೆ ಹುಬ್ಬು ಗಂಟಿಕ್ಕಿದ. ನಾಡಿಗೆಲ್ಲ ಸಾರಿಸಿದ ಮಾತು, ಅದಕ್ಕೆ ತಪ್ಪುವುದು ಹೇಗೆಂದ.

"ಬುದ್ಧಿ, ಬೆಳೆ ಕೊಯ್ಲಿಗೆ ಬಂದದೆ, ಆಳು ಸಾಲ್ದು," ಎಂದ ಸಣ್ಣೀರ. "ಅವರ ತಲೆ ತಗೊಂಡು ಏನು ಮಾಡ್ತೀರಿ? ಕೈ ತಗೊಳ್ಳಿ."

ಯುವರಾಣಿಗೆ ನಗು ತಡೆಯಲಾಗಲಿಲ್ಲ. ಮಗಳು ನಕ್ಕದ್ದನ್ನು ನೋಡಿ ದೊರೆಯೂ ಸೋತ.

ಆ ವರ್ಷ ಗುಡ್ಡದಕೋಟೆಯ ರಾಗಿಯನ್ನು ರಾಜಕುಮಾರರು ಕೊಯ್ದರು. ಕುಡುಗೋಲು ಹಿಡಿಯಲು ಬಾರದೆ ಬೆರಳು ಕುಯ್ದುಕೊಂಡರು, ಸೊಂಟ ಹಿಡಿದು ನರಳಿದರು, ಮುದ್ದೆಯನ್ನು ಮಾತ್ರ ಕೇಳಿ ಕೇಳಿ ಬಡಿಸಿಕೊಂಡು ಉಂಡರು. ಅವರಿಗೆ ಕೆಲಸ ಕಲಿಸಿದವನು ದೊಡ್ಡೀರ. ಮೂರನೆಯ ಒಗಟಿಗೆ "ದೇವರು" ಎಂದುಬಿಟ್ಟಿದ್ದಾಗಿ ಅವನು ತಮ್ಮನ ಹತ್ತಿರ ಒಪ್ಪಿಕೊಂಡ. ಸರಿಯುತ್ತರ ಕೇಳಿದ ಮೇಲೆ ಕುಡುಗೋಲು ಕೆಳಗಿಟ್ಟ.

"ನಿನ್ನ ನೋಡಿ ನಕ್ಕೆನಲ್ಲ, ಅದೇ ನನ್ನ ಕುತ್ತಿಗೆಗೆ ಬಂತು ಕಣೋ," ಎಂದು ತಮ್ಮನನ್ನು ತಬ್ಬಿಕೊಂಡ.

ಸುಗ್ಗಿ ಮುಗಿದ ಮಾರನೆಯ ದಿನ ಗುಡ್ಡದಕೋಟೆಯಲ್ಲಿ ಸಣ್ಣೀರನಿಗೂ ಯುವರಾಣಿಗೂ ಮದುವೆ ನಡೆಯಿತು. ಧಾರೆಯ ಹೊತ್ತಿಗೆ ವರನ ಕಡೆಯ ಹಿರಿಯರು ಬರಲಿ ಎಂದರು ಪುರೋಹಿತರು. ದೊಡ್ಡೀರ ಬಂದು ತಮ್ಮನ ಪಕ್ಕದಲ್ಲಿ ನಿಂತ. ಅವನಿಗೆ ಹೊಸ ರುಮಾಲು ಕೊಟ್ಟಿದ್ದರು, ಅದನ್ನು ಸುತ್ತಿಕೊಳ್ಳಲು ತಲೆಯೂ ಇತ್ತು.