ಬೆಟ್ಟದ ಪುಸ್ತಕ ಬರೆದ ಮೇಷ್ಟ್ರು

ಹೊನ್ನೇರಿ ಬೆಟ್ಟದ ಬುಡಕಟ್ಟು ಜನರ ಹಾಡಿಯ ಶಾಲೆಗೆ ನಾಗಮಲ್ಲಪ್ಪ ಎಂಬ ಮೇಷ್ಟ್ರು ಬಂದರು. ಬಯಲುಸೀಮೆಯವರು. ಒಳ್ಳೆಯವರೇ, ಮಕ್ಕಳೆಂದರೆ ಪ್ರಾಣ. ಆದರೆ ಮುಟ್ಟಿದ್ದೆಲ್ಲ ಅಚ್ಚುಕಟ್ಟಾಗಿರಬೇಕು ಎಂಬ ಹುಚ್ಚು ಅವರಿಗೆ ಸ್ವಲ್ಪ ಜಾಸ್ತಿ. ಶಾಲೆಯ ಅಂಗಳದಲ್ಲಿ ಒಂದು ಒಣಗಿದ ಎಲೆ ಕಂಡರೂ ಊಟ ಸೇರುತ್ತಿರಲಿಲ್ಲ.

ಶಾಲೆಯ ಪುಸ್ತಕಗಳಲ್ಲಿ ಸಮುದ್ರವಿತ್ತು, ರೈಲಿತ್ತು, ದೂರದ ರಾಜರ ಕೋಟೆಗಳಿದ್ದವು. ಮಕ್ಕಳು ದಿನಾ ಹತ್ತಿ ಇಳಿಯುವ ಬೆಟ್ಟದ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಮೇಷ್ಟ್ರಿಗೆ ಇದು ಸರಿ ಕಾಣಲಿಲ್ಲ. ಬೆಟ್ಟದ ಚರಿತ್ರೆ, ಜನರ ನಡೆನುಡಿ ಎಲ್ಲ ಸೇರಿಸಿ ತಾವೇ ಒಂದು ಪಾಠಪುಸ್ತಕ ಬರೆಯಲು ಹೊರಟರು. ಯೋಚನೆ ಒಳ್ಳೆಯದೇ, ಯಾರು ಬೇಡ ಅಂದಾರು?

ಹಾಡಿಯಲ್ಲಿ ಬೇದಮ್ಮ ಎಂಬ ಅಜ್ಜಿ ಇದ್ದಳು. ಹಾಡಿಯಿಂದ ಬೆಟ್ಟದ ನೆತ್ತಿಯವರೆಗಿನ ದಾರಿ ಅವಳಿಗೆ ಬಾಯಿಪಾಠ. ಆ ದಾರಿಯಲ್ಲಿ ಅರವತ್ತು ಜಾಗಗಳು, ಅರವತ್ತಕ್ಕೂ ಹೆಸರುಗಳು. ಹತ್ತುವಾಗ ಒಂದೊಂದು ಜಾಗ ಬಂದಾಗಲೂ ಮುಂದಿರುವವರು ಅದರ ಹೆಸರು ಕೂಗಬೇಕು, ಹಿಂದಿರುವವರು 'ಹೂಂ' ಎನ್ನಬೇಕು. ಹಾಡಿಯ ಪದ್ಧತಿಯೇ ಹಾಗೆ. ಬೇದಮ್ಮ ಎರಡು ದಿನ ಕೂತು ಅಷ್ಟೂ ಹೆಸರುಗಳನ್ನು ಮೇಷ್ಟ್ರಿಗೆ ಬರೆಸಿದಳು. ಮಾರಿ ಜಾರಿದ ಬಂಡೆ. ಜವರ ಕೂತ ಬೇರು. ಬಾಯಿ ಮುಚ್ಚೋ ತಿರುವು. ಕೆಂಚಿ ಕಂಡ ನೀರು. ಹೀಗೇ ಅರವತ್ತು.

ಮೇಷ್ಟ್ರು ಮೂಗು ಮುರಿದರು. "ಇವೆಲ್ಲ ಪುಸ್ತಕದಲ್ಲಿ ಹಾಕೋ ಹೆಸರುಗಳಾ ಅಜ್ಜಿ? ಓದಿದವರು ನಗ್ತಾರೆ."

"ನಗೋದಕ್ಕೆ ಏನೈತೆ ಮೇಷ್ಟ್ರೇ? ಅಲ್ಲಿ ಏನಾಯ್ತೋ ಅದೇ ಹೆಸರು," ಎಂದಳು ಬೇದಮ್ಮ.

ಮೇಷ್ಟ್ರು ಮೇಜಿನ ಮುಂದೆ ಕೂತು ಬೆಟ್ಟವನ್ನೇ ಅಚ್ಚುಕಟ್ಟು ಮಾಡಿದರು. ಮಾರಿ ಜಾರಿದ ಬಂಡೆ 'ಮಂದಾರ ಶಿಲೆ' ಆಯಿತು. ಕೆಂಚಿ ಕಂಡ ನೀರು 'ಅಮೃತಧಾರೆ'. ಬಾಯಿ ಮುಚ್ಚೋ ತಿರುವು 'ಗಾನ ಕಣಿವೆ'. ಬಣ್ಣದ ಚಿತ್ರ ಬರೆದರು, ದಾರ ಹಾಕಿ ಹೊಲಿದರು. ಮಕ್ಕಳು ಹೊಸ ಹೆಸರುಗಳನ್ನು ರಾಗವಾಗಿ ಉರು ಹೊಡೆದರು. ಬಾಯಿತಪ್ಪಿ ಹಳೆಯ ಹೆಸರು ಹೇಳಿದವರು ಗೋಡೆಯ ಕಡೆ ತಿರುಗಿ ನಿಲ್ಲಬೇಕಿತ್ತು. ಬೇದಮ್ಮನ ಮೊಮ್ಮಗಳು ಒಂಬತ್ತು ವರ್ಷದ ಮುತ್ತಿ, ಮೊದಲ ವಾರ ಐದು ಸಲ ಹಾಗೆ ನಿಂತಳು. ಆಮೇಲೆ ಒಂದು ಸಲವೂ ತಪ್ಪಲಿಲ್ಲ.

ಇನ್ನು ಉಳಿದದ್ದು ಬೋರ್ಡು. ಒಂದು ಬೆಳಿಗ್ಗೆ ಮೇಷ್ಟ್ರು ಹೊಸ ಹೆಸರಿನ ಹಲಗೆಗಳನ್ನು ಮಕ್ಕಳ ಕೈಗೆ ಕೊಟ್ಟು ಬೆಟ್ಟ ಹತ್ತಿಸಿದರು. ಮಕ್ಕಳ ಬುತ್ತಿ ಹೊತ್ತು ಬೇದಮ್ಮನೂ ಬಂದಳು. ಒಂದೊಂದು ಜಾಗದಲ್ಲೂ ಒಂದೊಂದು ಹಲಗೆ ನೆಟ್ಟರು. ಒಂದು ಕಡೆ ಮುತ್ತಿ ನೆಟ್ಟ ಹಲಗೆ ವಾಲಿತ್ತು.

"ಸೊಟ್ಟಗಿದೆ ನೋಡು. ಸರಿ ಮಾಡಿ ಬಾ," ಎಂದು ಮೇಷ್ಟ್ರು ಉಳಿದವರ ಜೊತೆ ಮುಂದೆ ನಡೆದರು. ಬುತ್ತಿ ಹೊತ್ತ ಬೇದಮ್ಮ ಆಗಲೇ ಮುಂದೆ ಹೋಗಿದ್ದಳು.

ನೆತ್ತಿ ತಲುಪಿ ಬುತ್ತಿ ಬಿಚ್ಚುವಷ್ಟರಲ್ಲಿ ಮಂಜು ಇಳಿಯಿತು. ನಡುಮಧ್ಯಾಹ್ನವೇ ಕಣ್ಣಿಗೆ ಏನೂ ಕಾಣದಾಯಿತು. ತಮ್ಮ ಅಂಗೈ ತಮಗೆ ಕಾಣದು. ಮೇಷ್ಟ್ರು ಮಕ್ಕಳ ತಲೆ ಮುಟ್ಟಿ ಮುಟ್ಟಿ ಎಣಿಸಿದರು. ಒಂದು ತಲೆ ಕಡಿಮೆ.

"ಮುತ್ತೀ!"

ಎಲ್ಲೋ ಕೆಳಗಿನಿಂದ ಸಣ್ಣ ದನಿ ಬಂತು. "ಮೇಷ್ಟ್ರೇ, ನಾನು ಮಂದಾರ ಶಿಲೆ ಹತ್ರ ಇದ್ದೀನಿ! ದಾರಿ ಕಾಣ್ತಿಲ್ಲ!"

ಬೇದಮ್ಮ ಮೇಷ್ಟ್ರ ತೋಳು ಹಿಡಿದಳು. "ಅದು ಎಲ್ಲೈತೆ ಮೇಷ್ಟ್ರೇ?"

ಮೇಷ್ಟ್ರು ತಡವರಿಸಿದರು. ಅವರು ಇಟ್ಟ ಹೆಸರುಗಳಲ್ಲಿ ಮಂದಾರ ಶಿಲೆ ಇತ್ತು, ಮಂದಾರ ವನ ಇತ್ತು, ಮಂದಾರ ಶಿಖರವೂ ಇತ್ತು. ನೆಟ್ಟ ಅಷ್ಟು ಹಲಗೆಗಳಲ್ಲಿ ಯಾವುದು ಎಲ್ಲಿ, ಮುತ್ತಿಯನ್ನು ಬಿಟ್ಟುಬಂದದ್ದು ಯಾವುದರ ಹತ್ತಿರ ಎಂಬುದು ಗಾಬರಿಯಲ್ಲಿ ನೆನಪಾಗಲಿಲ್ಲ. "ಹನ್ನೊಂದನೇ ಪುಟದಲ್ಲಿದೆ," ಎಂದುಬಿಟ್ಟರು.

"ಬೆಟ್ಟದಲ್ಲಿ ಎಲ್ಲೈತೆ?"

ಮೇಷ್ಟ್ರು ಚೀಲದಲ್ಲಿ ಪುಸ್ತಕಕ್ಕಾಗಿ ತಡಕಾಡಿದರು.

ಬೇದಮ್ಮ ಕೆಳಗೆ ಕೂಗಿದಳು. "ಮುತ್ತವ್ವಾ, ಹಳೇ ಹೆಸರು ಹೇಳವ್ವಾ!"

ಉತ್ತರ ಬರಲಿಲ್ಲ. ಮತ್ತೆ ಕೂಗಿದಳು. ಆಗಲೂ ಇಲ್ಲ. ಮಗು ಯಾಕೆ ಸುಮ್ಮನಿದೆ ಎಂದು ಮೇಷ್ಟ್ರಿಗೆ ತಟ್ಟನೆ ಹೊಳೆಯಿತು. ದಾರಿ ಕಾಣದ ಮಂಜಿನಲ್ಲಿ ನಿಂತೂ ಅವಳು ಹೆದರುತ್ತಿದ್ದದ್ದು ತಮಗೆ! ಪಕ್ಕದಲ್ಲಿದ್ದ ಮಕ್ಕಳೂ ಅದಕ್ಕೇ ಹಳೆಯ ಹೆಸರು ಹೇಳಿರಲಿಲ್ಲ.

"ಹೇಳು ಮಗಳೇ! ಹಳೇ ಹೆಸರೇ ಹೇಳು! ನಾನು ಏನೂ ಅನ್ನಲ್ಲ, ನನ್ನಾಣೆ!"

ಕೆಳಗಿನಿಂದ ದನಿ ಬಂತು. "ಮಾರಿ ಜಾರಿದ ಬಂಡೆ!"

ಬೇದಮ್ಮ ಉಸಿರು ಬಿಟ್ಟಳು. "ಕೂತ್ಕೊ! ಬಲಗಾಲು ಎತ್ತಬೇಡ. ಮಾರಿ ಬಲಗಾಲು ಇಟ್ಟೇ ಕಮರಿಗೆ ಬಿದ್ದು ಹೋಗಿದ್ದು. ಎಡಗಡೆ ಕೈ ಚಾಚು, ಬೇರು ಸಿಕ್ತದೆ."

"ಸಿಕ್ತು ಅಜ್ಜೀ! ಜವರ ಕೂತ ಬೇರು!"

"ಹೂಂ! ಮಾರಿ ಹೋದಾಗ ಅವಳ ಗಂಡ ಜವರ ಮೂರು ದಿನ ಅದನ್ನ ಹಿಡ್ಕೊಂಡೇ ಕೂತಿದ್ದ. ಅದು ನಿನ್ನೂ ಬಿಡಲ್ಲ. ಹಿಡ್ಕೊಂಡು ಹತ್ತು."

"ಎಂಟು ಹೆಜ್ಜೆ ಓಣಿ!" ಈಗ ದನಿ ಸ್ವಲ್ಪ ಹತ್ತಿರದಲ್ಲಿತ್ತು. ನೆತ್ತಿಯ ಮೇಲಿದ್ದ ಮಕ್ಕಳೆಲ್ಲ 'ಹೂಂ' ಎಂದರು. ಮುತ್ತಿ ಎಂಟು ಹೆಜ್ಜೆ ಎಣಿಸುವುದು ಕೇಳಿಸಿತು. ಆಮೇಲೆ ದನಿ ನಿಂತೇ ಹೋಯಿತು.

ಮೇಷ್ಟ್ರು ಕೂಗಲು ಬಾಯಿ ತೆರೆದರು. ಬೇದಮ್ಮ ಅವರ ಬಾಯಿಗೇ ಕೈ ಅಡ್ಡ ಇಟ್ಟಳು. "ಸುಮ್ನಿರಿ," ಎಂದು ಪಿಸುಗುಟ್ಟಿದಳು. "ಬಾಯಿ ಮುಚ್ಚೋ ತಿರುವು ಅದು. ಆನೆ ದಾಟೋ ಜಾಗ."

ಮಂಜಿನೊಳಗೆ ಕೊಂಬೆಯೊಂದು ಲಟಕ್ಕನೆ ಮುರಿಯಿತು. ಮಕ್ಕಳು ಯಾರೂ ಮಿಸುಕಲಿಲ್ಲ. ಆ ಜಾಗಕ್ಕೆ ಗಾನ ಕಣಿವೆ ಎಂದು ಹೆಸರಿಟ್ಟು, ಅಲ್ಲಿ ಎಲ್ಲರೂ ನಿಂತು ಹಾಡಬೇಕು ಎಂದು ಪುಸ್ತಕದಲ್ಲಿ ಬರೆದವರು ಮೇಷ್ಟ್ರೇ. ಬೆಳಿಗ್ಗೆ ಹತ್ತುವಾಗ ಹಾಡು ಹೇಳಿ ಎಂದರೂ ಮಕ್ಕಳು ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡಿದ್ದರು. ಅದು ನಾಚಿಕೆಯಲ್ಲ ಎಂದು ಈಗ ತಿಳಿಯಿತು.

ಎಷ್ಟು ಹೊತ್ತಾಯಿತೋ. ತೀರಾ ಸಮೀಪದಲ್ಲಿ ದನಿ ಚಿಮ್ಮಿತು. "ಕೆಂಚಿ ಕಂಡ ನೀರು!"

"ಹೂಂ!" ಎಂದರು ಮಕ್ಕಳು. ಮೇಷ್ಟ್ರೂ 'ಹೂಂ' ಎಂದರು. ಆ ಗಳಿಗೆಯಲ್ಲಿ ಅವರಿಗೆ ಬೆಟ್ಟ ಬೇರೆಯೇ ಆಗಿ ಕಂಡಿತು. ತಾವು ಬರೀ ಕಲ್ಲು, ಮರ ಎಂದುಕೊಂಡಿದ್ದ ಕಡೆಯೆಲ್ಲ ಜನ ನಿಂತಿದ್ದರು. ಜಾರಿದವಳು, ಕಾದವನು, ನೀರು ಹುಡುಕಿದವಳು, ಆನೆಯ ದಾರಿ ತಿಳಿದವರು. ತಲೆಮಾರುಗಳ ಹಿಂದೆ ತೀರಿಕೊಂಡವರೆಲ್ಲ ತಂತಮ್ಮ ಜಾಗದಲ್ಲಿ ನಿಂತು ಒಂದು ಮಗುವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಇಷ್ಟು ದೊಡ್ಡ ಚರಿತ್ರೆಯನ್ನು ಅವರು ಯಾವ ಕೋಟೆಯಲ್ಲೂ ಕಂಡಿರಲಿಲ್ಲ. ಅವರಿಗರಿವಿಲ್ಲದೆ ಕೈಗಳು ಮುಗಿದುಕೊಂಡವು.

ಮಂಜು ಸೀಳಿಕೊಂಡು ಬಂದ ಮುತ್ತಿ ಅಜ್ಜಿಯ ಸೆರಗಿಗೆ ಜೋತುಬಿದ್ದಳು. ಮೇಷ್ಟ್ರು ಅಲ್ಲೇ ಇದ್ದ ಕಲ್ಲಿನ ಮೇಲೆ ಕುಸಿದು ಕೂತು, ಮಕ್ಕಳ ಮುಂದೆಯೇ ಗಳಗಳ ಅತ್ತರು.

"ತಪ್ಪಾಯ್ತು ತಾಯಿ," ಎಂದರು ಬೇದಮ್ಮನಿಗೆ. "ನಾನು ಬರೆದಿದ್ದು ಹೆಸರಲ್ಲ. ಇದ್ದ ಹೆಸರನ್ನೆಲ್ಲ ಅಳಿಸಿಹಾಕಿದ್ದೆ."

"ಮಗು ಬಂತಲ್ಲ ಬುಡಿ," ಎಂದಳು ಬೇದಮ್ಮ. "ಬುತ್ತಿ ತಿನ್ನಿ, ಮೊದಲು."

ಮಾರನೆಯ ದಿನದಿಂದ ಮೇಷ್ಟ್ರು ಪುಸ್ತಕವನ್ನು ಮೊದಲಿನಿಂದ ಬರೆದರು. ಬೇದಮ್ಮ ಹೇಳಿದಳು, ಮಕ್ಕಳು ಕೇಳಿದರು, ಮೇಷ್ಟ್ರು ಒಂದಕ್ಷರವನ್ನೂ ತಿದ್ದಲಿಲ್ಲ. ಅರವತ್ತು ಹೆಸರು, ಅರವತ್ತು ಕಥೆ.

ಮಂಜಿನ ಕಾಲ ಕಳೆದ ಮೇಲೆ ಎಲ್ಲರೂ ಮತ್ತೆ ಬೆಟ್ಟ ಹತ್ತಿದರು. ನೆತ್ತಿಗೆ ಬಂದಾಗ ಮುಂದಿದ್ದ ಮುತ್ತಿ ಒಂದು ಕಲ್ಲು ಮುಟ್ಟಿ, ಪುಸ್ತಕದಲ್ಲಿ ಇಲ್ಲದ ಹೆಸರೊಂದನ್ನು ಗಟ್ಟಿಯಾಗಿ ಕೂಗಿದಳು. "ಮೇಷ್ಟ್ರು ಅತ್ತ ಕಲ್ಲು!"

ಮಕ್ಕಳು ಯಾರೂ ನಗಲಿಲ್ಲ. ಅಲ್ಲೇ ನಿಂತು, ಒಬ್ಬರೂ ತಪ್ಪದಂತೆ ತಲೆ ಎಣಿಸಿಕೊಂಡರು. ಮೇಷ್ಟ್ರು ಚೀಲದಿಂದ ಪುಸ್ತಕ ತೆಗೆದು, ಅರವತ್ತೊಂದನೆಯ ಹೆಸರನ್ನು ತಮ್ಮ ಕೈಯಾರೆ ಬರೆದರು.

ನೀತಿ: ಒಂದು ನಾಡಿನ ಚರಿತ್ರೆಯನ್ನು ಬರೆಯಹೊರಟವರು ಮೊದಲು ಅಲ್ಲಿಯವರ ಮುಂದೆ ಕೂತು ಕಲಿಯಬೇಕು. ನಮ್ಮ ಕಿವಿಗೆ ಒರಟಾಗಿ ಕೇಳುವ ಹೆಸರಿನೊಳಗೆ ಯಾರೋ ಜೀವ ತೆತ್ತು ಕಲಿತ ಪಾಠ ಇರುತ್ತದೆ. ಅದನ್ನು ಅಂದಗೊಳಿಸಲು ಹೋದರೆ ಪಾಠವೇ ಅಳಿಸಿಹೋಗುತ್ತದೆ.