ಬಾಗಿಲು ಹಾಕಿ ಕೇಳಬೇಕಾದ ಪ್ರಶ್ನೆ

"ಗುರುಗಳೇ, ಧರ್ಮಸಭೆಯ ಬೋಧನೆಯನ್ನು ಒಪ್ಪುವುದಿಲ್ಲ ಎಂದು ಮುಖಕ್ಕೆ ಹೇಳುವ ಹುಡುಗಿಗೆ ನಾನು ಮದುವೆ ಮಾಡಿಸಬೇಕೆ?"

ಕಿರಿಯ ಪಾದ್ರಿ ಜ್ಞಾನಪ್ರಕಾಶ ಸಿಟ್ಟಿನಿಂದ ಹೀಗೆ ಕೇಳಿದಾಗ ಅವನ ಕೈಯಲ್ಲಿ ಅವಳ ಮದುವೆಯ ಅರ್ಜಿಯಿತ್ತು. ಮದುವೆ ತರಬೇತಿಯ ಮೂರು ದಿನವೂ ಆ ಹುಡುಗಿ ಅವನೊಡನೆ ವಾದ ಮಾಡಿದ್ದಳು. ಮಕ್ಕಳು ಎಷ್ಟು, ಯಾವಾಗ ಎಂಬುದನ್ನು ತಾನೂ ಗಂಡನೂ ಸೇರಿ ತೀರ್ಮಾನಿಸುತ್ತೇವೆ, ಅದಕ್ಕೆ ಧರ್ಮಸಭೆ ಬೇಡವೆನ್ನುವ ಮಾತ್ರೆಯನ್ನೂ ಡಾಕ್ಟರು ಕೊಟ್ಟರೆ ನುಂಗುತ್ತೇನೆ ಎಂದಿದ್ದಳು.

"ಉಳಿದ ಹನ್ನೊಂದು ಜೋಡಿಗಳು ತುಟಿ ಬಿಚ್ಚಲಿಲ್ಲ. ಮದುವೆಗೆ ಮುಂಚಿನ ಅವರ ವಿಚಾರಣೆಯನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಇವಳೊಬ್ಬಳು ನನ್ನ ತಲೆ ತಿಂದಳು," ಎಂದ.

ಅವನಿಗೆ ಗುರುಮಠದಲ್ಲಿ ಪಾಠ ಹೇಳಿದ್ದ ಮುದಿ ಪಾದ್ರಿ ಚೌರಪ್ಪನವರು ಅರ್ಜಿಯನ್ನು ಮುಟ್ಟಲಿಲ್ಲ. ಅವರಿಗೂ ಸಿಟ್ಟು ಬಂದಿತ್ತು, ಆದರೆ ಹುಡುಗಿಯ ಮೇಲಲ್ಲ. "ಕೂತುಕೋ," ಎಂದು ಗದರಿಸಿ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಾದ್ರಿಯಿದ್ದ. ಅವನ ತರಬೇತಿಗೆ ಒಬ್ಬ ನರ್ಸು ಬಂದಳು, ಒಬ್ಬ ಬಡಗಿಯ ಮಗಳೂ ಬಂದಳು.

ನರ್ಸು ಮೊದಲ ದಿನವೇ ಎದ್ದು ನಿಂತಳು. "ಸ್ವಾಮಿ, ನಮ್ಮಕ್ಕ ಮೂರನೇ ಹೆರಿಗೇಲಿ ಸತ್ತು ಬದುಕಿದ್ಲು. ಇನ್ನೊಂದಾದ್ರೆ ಉಳಿಯಲ್ಲ ಅಂದ್ರು ಡಾಕ್ಟರು. ಮಾತ್ರೆ ನುಂಗಬಾರ್ದು ಅನ್ನೋ ನಿಮ್ಮ ಈ ಪಾಠಾನ ಅವಳಿಗೆ ಹೇಗೆ ಹೇಳ್ಲಿ?" ಉತ್ತರವಿಲ್ಲದವನಿಗೆ ಬರುವ ಕೋಪ ಪಾದ್ರಿಗೆ ಬಂತು. ಅವಳನ್ನು ಗದರಿಸಿ ಕೂರಿಸಿದ.

ಬಡಗಿಯ ಮಗಳು ಹಿಂದಿನ ಬೆಂಚಿನಲ್ಲಿದ್ದಳು. ಹೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಪಾದ್ರಿಗೆ ಹಿಗ್ಗೋ ಹಿಗ್ಗು. ಇವಳನ್ನು ನೋಡಿ ಕಲಿಯಿರಿ ಎಂದು ಎಲ್ಲರೆದುರು ಹೊಗಳಿದ.

ಮದುವೆಗೆ ಮುಂಚೆ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿ, ಬೈಬಲ್ ಮೇಲೆ ಕೈ ಇರಿಸಿ, ನಿನ್ನ ಇಷ್ಟದಿಂದಲೇ ಬಂದೆಯಾ ಎಂದು ಕೇಳಬೇಕು. ಇದೂ ಧರ್ಮಸಭೆಯ ಬೋಧನೆಯೇ. ಅವಳಿಗೆ ಇಷ್ಟವಿಲ್ಲದಿದ್ದರೆ ಮದುವೆಯಿಲ್ಲ. ಬಿಷಪ್ಪರು ಬಂದು ನಿಂತರೂ ಇಲ್ಲ. ಆ ಪಾದ್ರಿ ಏನು ಮಾಡಿದ ಗೊತ್ತೇ? ನರ್ಸನ್ನು ಬಾಗಿಲು ಹಾಕಿ ಎರಡು ಗಂಟೆ ಜಾಲಾಡಿದ. ಸಹಿ ಹಾಕದೆ ವಾಪಸು ಕಳಿಸಿದ. ಬಡಗಿಯ ಮಗಳ ಸರದಿ ಬಂದಾಗ ಅವಳಪ್ಪನೂ ಒಳಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ಇಷ್ಟು ಒಳ್ಳೆಯ ಹುಡುಗಿಗೆ ಬಾಗಿಲು ಯಾಕೆ ಹಾಕಬೇಕು ಎಂದುಕೊಂಡ ಪಾದ್ರಿ, ಮಹಾನುಭಾವ! ಪ್ರಶ್ನೆಯನ್ನು ಗಡಗಡನೆ ಓದಿದ. ಹುಡುಗಿ ತೆರೆದ ಬಾಗಿಲನ್ನು ನೋಡಿದಳು. ಅಪ್ಪನನ್ನು ನೋಡಿದಳು. ತಲೆಯಾಡಿಸಿದಳು. ಸಹಿ ಬಿತ್ತು, ಮದುವೆಯೂ ಆಯಿತು.

ಎಂಟು ತಿಂಗಳ ಮೇಲೆ ಅವಳು ಬೆಳಗಿನ ಮೊದಲ ಬಸ್ಸಿಗೆ ಪಾದ್ರಿಯ ಮನೆಗೆ ಬಂದಳು. ಕಾಲಲ್ಲಿ ಚಪ್ಪಲಿ ಕೂಡ ಇರಲಿಲ್ಲ. ಗಂಡನ ಮನೆಗೆ ಇನ್ನು ಹೋಗುವುದಿಲ್ಲ, ಈ ಮದುವೆ ನನಗೆ ಬೇಕಿರಲಿಲ್ಲ ಎಂದಳು. ಪಾದ್ರಿ ಅವಳನ್ನೇ ಬೈದ. "ಹಾಗಿದ್ದರೆ ಅವತ್ತೇ ಹೇಳಬಾರದಿತ್ತಾ?"

"ಮನೇಲಿ ಹೇಳ್ದೆ ಸ್ವಾಮಿ. ಅಪ್ಪ ಮರದ ರೀಪರು ಮುರಿಯೋ ಹಾಗೆ ಹೊಡೆದ್ರು. ಮದುವೆಗೆ ಮುಂಚೆ ಸ್ವಾಮಿಯೋರು ಒಬ್ಬಳನ್ನೇ ಕೂರಿಸಿ ಕೇಳ್ತಾರೆ, ಆಗ ಧೈರ್ಯವಾಗಿ ಹೇಳು ಅಂದಿದ್ರು ಕಾನ್ವೆಂಟಿನ ಸಿಸ್ಟರು. ಆ ಒಂದು ಪ್ರಶ್ನೆಗೆ ಅಂತ ಮೂರು ದಿನ ಬಾಯಿ ಮುಚ್ಕೊಂಡು ಕಾದೆ. ನೀವು ಅಪ್ಪನ ಮುಂದೆ ಕೇಳಿದ್ರಿ."

ಚೌರಪ್ಪನವರು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

"ಆ ಪಾದ್ರಿ ಮಾಡಿದ್ದು ತಪ್ಪೇ, ಗುರುಗಳೇ," ಎಂದ ಜ್ಞಾನಪ್ರಕಾಶ. ಅರ್ಜಿಯನ್ನು ಮತ್ತೆ ಮುಂದೆ ಚಾಚಿದ. "ಆದರೆ ನಾನು ಕೇಳಿದ್ದು ಈ ಹುಡುಗಿಯ ವಿಷಯ."

"ಇವಳದ್ದು ಇರಲಿ, ಆ ಹನ್ನೊಂದು ಹುಡುಗಿಯರನ್ನು ನೀನು ಆ ಪ್ರಶ್ನೆ ಕೇಳುವಾಗ ಕೋಣೆಯಲ್ಲಿ ಇನ್ನು ಯಾರು ಯಾರಿದ್ದರು?"

ಜ್ಞಾನಪ್ರಕಾಶ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.